ದೇವರ ಮನೆ ನಮ್ಮ ಮನೆಯಾಗಬೇಕಾದರೆ ಕನ್ನಡ ಬೇಕು

(ಬೆಂಗಳೂರಿನ ಚರ್ಚೊಂದರ ಕನ್ನಡ ಬಳಗದವರು ಏರ್ಪಡಿಸಿದ್ದ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತುಗಳು. ಸಭೆಗೆ ಬಾರದ ಓದುಗರಿಗೂ ತಲುಪಲಿ ಎಂದು ಬರಹಕ್ಕೆ ಇಳಿಸಿದ್ದೇನೆ.)



ನಾನು ಪಂಡಿತನಲ್ಲ, ಭಾಷಣಕಾರನೂ ಅಲ್ಲ. ಪಿಯುಸಿವರೆಗೆ ಓದಿ ಅಪ್ಪನ ಅಚ್ಚುಕೂಟ ಸೇರಿದವನು. ಅಚ್ಚುಮೊಳೆ ಜೋಡಿಸುವ ಕಾಲದಿಂದ ಹಿಡಿದು ಇವತ್ತಿನ ಆಫ್‌ಸೆಟ್‌ವರೆಗೆ ನನಗೆ ಅನ್ನ ಹಾಕಿರುವುದು ಕನ್ನಡದ ಅಕ್ಷರ. ನಾನು ಕ್ರೈಸ್ತನೂ ಅಲ್ಲ. ಹಾಗಿದ್ದ ಮೇಲೆ ಇವನಿಗೆ ಚರ್ಚಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಕಾರ್ಖಾನೆಯಲ್ಲಿ ಕನ್ನಡ ಬೇಕು ಎಂದು ಹೋರಾಡುವ ನಾವು, ಒಬ್ಬ ಮನುಷ್ಯ ತನ್ನ ದೇವರ ಎದುರು ಕೈಮುಗಿದು ನಿಂತಾಗ ಅವನ ಬಾಯಲ್ಲಿ ಯಾವ ಭಾಷೆ ಇದೆ ಎಂದು ಕೇಳುವುದೇ ಇಲ್ಲ. ಭಾಷೆ ಎಲ್ಲಕ್ಕಿಂತ ಆಳದಲ್ಲಿ ಬದುಕುವ ಜಾಗ ಅದು. ಅಲ್ಲಿ ಕನ್ನಡ ಸತ್ತರೆ ಬೋರ್ಡಿನ ಮೇಲೆ ಬದುಕಿ ಏನು ಪ್ರಯೋಜನ?

ನಾನು ಬಲ್ಲ ಒಂದು ಸಂಸಾರದ ಕತೆಯಿಂದ ಇದನ್ನು ಹೇಳುತ್ತೇನೆ. ಹೆಸರು ಬೇಡ. ಅವರ ಕಷ್ಟ ಅವರೊಬ್ಬರದೇ ಅಲ್ಲ.

ಎರಡು ಸಲ ಊರು ಬಿಟ್ಟ ಅಜ್ಜಿ

ಹಾಸನದ ಹತ್ತಿರದ ಶೆಟ್ಟಿಹಳ್ಳಿಯ ಚರ್ಚನ್ನು ನಿಮ್ಮಲ್ಲಿ ಬಹಳ ಜನ ಫೋಟೋದಲ್ಲಾದರೂ ನೋಡಿರುತ್ತೀರಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರಿನಲ್ಲಿ ಆ ಚರ್ಚು ಮಳೆಗಾಲಕ್ಕೆ ಅರ್ಧ ಮುಳುಗುತ್ತದೆ, ಬೇಸಿಗೆಗೆ ಮೇಲೇಳುತ್ತದೆ. ಜನ ಕಾರಿನಲ್ಲಿ ಹೋಗಿ ಪಟ ತೆಗೆಸಿಕೊಂಡು ಬರುತ್ತಾರೆ. ಆದರೆ ಆ ಹಿನ್ನೀರಿನಲ್ಲಿ ಮನೆ, ಹೊಲ, ಕಣ ಕಳೆದುಕೊಂಡು ಗಂಟುಮೂಟೆ ಕಟ್ಟಿದವರನ್ನು ಯಾರು ನೆನೆಯುತ್ತಾರೆ? ಅವರಲ್ಲಿ ಕ್ರೈಸ್ತ ರೈತರೂ ಇದ್ದರು. ಅಚ್ಚ ಕನ್ನಡದವರು. ರಾಗಿ ಬೆಳೆದವರು, ಚರ್ಚನ್ನು ಗುಡಿ ಎಂದವರು, ಪಾದ್ರಿಯನ್ನು ಸ್ವಾಮಿಗಳು ಎಂದವರು, ಹಬ್ಬಕ್ಕೆ ತೇರು ಎಳೆದವರು.

ನಾನು ಹೇಳುವ ಅಜ್ಜಿ ಆ ಹಿನ್ನೀರಿನ ಕಡೆಯವರು. ಊರು ಬಿಟ್ಟಾಗ ಅವರು ಹೊಸ ಸೊಸೆ. ಕೊಟ್ಟ ಹೊಸ ಜಾಗದಲ್ಲಿ ಗುಡಿ ಇರಲಿಲ್ಲ, ನೆರಳೂ ಇರಲಿಲ್ಲ. ಚಪ್ಪರದ ಕೆಳಗೆ ಪೂಜೆ ನಡೆಯುತ್ತಿತ್ತಂತೆ. "ಗೋಡೆ ಇರ್‍ಲಿಲ್ಲ ಕಣಪ್ಪ, ಆದ್ರೆ ಅದೇ ಜಪ, ಅದೇ ಹಾಡು, ಅದೇ ಬಾಯಿ. ಎಂಟು ದಿನಕ್ಕೇ ನಮ್ಮೂರು ಅನ್ನಿಸ್ಬುಟ್ತು" ಎಂದು ಅವರು ಹೇಳುತ್ತಾರೆ.

ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅವರು ಎರಡನೆಯ ಸಲ ಊರು ಬಿಟ್ಟಿದ್ದು 2016ರಲ್ಲಿ, ಮಗನ ಸಂಸಾರದ ಜೊತೆ ಬೆಂಗಳೂರಿಗೆ. ಮಗ ಕಾರ್ಖಾನೆಗೆ ಸೇರಿದ. ನಮ್ಮ ಅಚ್ಚುಕೂಟದ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನಡೆದು ಹೋದರೆ ಹತ್ತು ನಿಮಿಷಕ್ಕೆ ದೊಡ್ಡ ಚರ್ಚು. ಎತ್ತರದ ಗೋಪುರ, ಹೊಳೆಯುವ ಕಲ್ಲಿನ ನೆಲ, ತಲೆಯ ಮೇಲೆ ಸಾಲು ಸಾಲು ಫ್ಯಾನು. ಭಾನುವಾರಕ್ಕೆ ನಾಲ್ಕು ಪೂಜೆ. ಅದರಲ್ಲಿ ಕನ್ನಡ ಪೂಜೆ ಎಷ್ಟು ಗೊತ್ತೇ? ತಿಂಗಳಿಗೆ ಒಂದು. ಅದೂ ಬೆಳಗಿನ ಜಾವ, ಹಾಲಿನವನು ಬರುವುದಕ್ಕೂ ಮುಂಚೆ. ಹಬ್ಬಗಿಬ್ಬ ಬಂದರೆ ಅದೂ ಬೇರೆ ಭಾಷೆಯ ಪೂಜೆಯ ಜೊತೆಗೆ ಸೇರಿಹೋಗುತ್ತಿತ್ತು.

ಅಜ್ಜಿ ಆರು ವರ್ಷ ಅಲ್ಲಿಗೇ ಹೋದರು. ಹಿಂದಿನ ಬೆಂಚಿನಲ್ಲಿ ಕುಳಿತು ತಮ್ಮ ಪಾಡಿಗೆ ಜಪಸರ ಎಣಿಸಿದರು. "ಸಿನಿಮಾಕ್ಕೆ ಹೋದಂಗೆ ಕಣಪ್ಪ. ನೋಡ್ಬೋದು, ಮಾತಾಡಂಗಿಲ್ಲ" ಎಂದರು ಒಂದು ದಿನ. ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ತಪ್ಪು ಹೇಳಿಕೊಳ್ಳಲು ದುಭಾಷಿ ಬೇಕೆ?

ಕ್ರೈಸ್ತರಲ್ಲದ ಓದುಗರಿಗೆ ಒಂದು ಮಾತು ತಿಳಿಸಬೇಕು. ಕಥೋಲಿಕರಲ್ಲಿ ಪಾಪನಿವೇದನೆ ಎಂದಿದೆ. ಮಾಡಿದ ತಪ್ಪನ್ನು ಸ್ವಾಮಿಗಳ ಕಿವಿಗೆ ಮಾತ್ರ ಹೇಳಿಕೊಂಡು ದೇವರ ಕ್ಷಮೆ ಬೇಡುವುದು. ಮೂರನೆಯವರಿಗೆ ಅದು ಕೇಳಿಸಕೂಡದು. ಸ್ವಾಮಿಗಳೂ ಅದನ್ನು ಯಾರಿಗೂ ಹೇಳುವಂತಿಲ್ಲ.

ಈಗ ಯೋಚನೆ ಮಾಡಿ. ಎಪ್ಪತ್ತು ದಾಟಿದ ಹೆಂಗಸು. ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಕಿಟಕಿಯ ಆಚೆ ಕುಳಿತ ಸ್ವಾಮಿಗಳಿಗೆ ಕನ್ನಡ ಬಾರದು. "ನನ್ನ ತಪ್ಪು ಹೇಳ್ಕಳಕ್ಕೆ ದುಭಾಷಿ ಇಟ್ಕಬೇಕಾ?" ಎಂದು ಅಜ್ಜಿ ಕೇಳಿದರು. ಇದಕ್ಕೆ ನಿಮ್ಮಲ್ಲಿ ಉತ್ತರವಿದೆಯೇ? ಸರ್ಕಾರಿ ಕಚೇರಿಯಲ್ಲಿ ಅರ್ಜಿ ಬರೆದುಕೊಡಲು ಒಬ್ಬ ಸಿಗುತ್ತಾನೆ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರು ಮಾತು ತಿಳಿಸಿಯಾರು. ದೇವರ ಹತ್ತಿರ ಹೇಳಿಕೊಳ್ಳುವ ಗುಟ್ಟಿಗೆ ಯಾರನ್ನು ಕರೆದುಕೊಂಡು ಹೋಗುವುದು? ಮೊಮ್ಮಗಳನ್ನೇ?

ಮೊಮ್ಮಗಳ ಕತೆ ಇನ್ನೊಂದು. ಭಾನುವಾರದ ಜ್ಞಾನೋಪದೇಶದ ತರಗತಿ ಅಲ್ಲಿ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಮಗು ಬಾಯಿಪಾಠ ಮಾಡಿದ್ದು ಇಂಗ್ಲಿಷ್ ಜಪ. ರಾತ್ರಿ ಮನೆಯಲ್ಲಿ ದೀಪ ಹಚ್ಚಿ ಎಲ್ಲರೂ ಜಪಸರಕ್ಕೆ ಕೂತರೆ ಅರ್ಧ ಜಪ ಅಜ್ಜಿ ಹೇಳಬೇಕು, ಉಳಿದರ್ಧ ಮಕ್ಕಳು ಹೇಳಬೇಕು. ಅದು ಹಿಂದಿನಿಂದ ಬಂದ ಪದ್ಧತಿ. ಅಜ್ಜಿ ಕನ್ನಡದಲ್ಲಿ ಆರಂಭಿಸಿದರೆ ಮಗುವಿಗೆ ಮುಗಿಸಲು ಬಾರದು. ಮಗು ಆರಂಭಿಸಿದರೆ ಅಜ್ಜಿಗೆ ಅರ್ಥವಾಗದು. ಕೊನೆಗೆ ಅಜ್ಜಿ ಒಬ್ಬರೇ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಎರಡೂ ಅರ್ಧ ತಾವೇ ಹೇಳತೊಡಗಿದರು. ಬಂಧುಗಳೇ, ಭಾಷೆ ಸಾಯುವುದು ಹೀಗೆ. ಸದ್ದಿಲ್ಲದೆ, ಒಂದೇ ಮನೆಯೊಳಗೆ, ಒಂದೇ ತಲೆಮಾರಿನಲ್ಲಿ.

2018ರಲ್ಲಿ ಎರಡನೆಯ ಮಗುವಿಗೆ ದೀಕ್ಷಾಸ್ನಾನ, ಎಂದರೆ ನಾಮಕರಣದಂತಹ ಶುಭಕಾರ್ಯ. ಕರೆಯೋಲೆ ಮಾಡಿಸಲು ಅಪ್ಪ ನನ್ನ ಅಚ್ಚುಕೂಟಕ್ಕೆ ಬಂದರು. ಕೈಯಲ್ಲಿ ಇಂಗ್ಲಿಷ್ ಬರಹ. "ಕನ್ನಡದಲ್ಲಿ ಮಾಡೋಣ ಸಾರ್, ನಿಮ್ಮ ಬಂಧುಗಳೆಲ್ಲ ಹಾಸನದವರಲ್ಲವೇ?" ಎಂದೆ. "ಬೇಡಿ ಸಾರ್. ಚರ್ಚಿನಲ್ಲಿ ಕೊಟ್ಟರೆ ಯಾರೂ ಓದಲ್ಲ. ಹಳ್ಳಿಯವರು ಅಂತಾರೆ" ಎಂದರು. ಇಂಗ್ಲಿಷಿನಲ್ಲಿಯೇ ಅಚ್ಚು ಹಾಕಿಕೊಟ್ಟೆ. ಗಿರಾಕಿ ಕೇಳಿದ್ದನ್ನು ಕೊಡುವುದು ನನ್ನ ಕಸುಬು. ಆದರೆ "ಹಳ್ಳಿಯವರು ಅಂತಾರೆ" ಎಂಬ ಆ ಮಾತು ಯಂತ್ರದ ಸದ್ದಿನಲ್ಲಿಯೂ ಕಿವಿಯಿಂದ ಹೋಗಲಿಲ್ಲ.

"ಯಾವೂರಮ್ಮಾ?"

2022ರಲ್ಲಿ ಆ ಸಂಸಾರಕ್ಕೆ ಯಾರೋ ಇನ್ನೊಂದು ಚರ್ಚಿನ ಸುಳಿವು ಕೊಟ್ಟರು. ಎರಡು ಬಸ್ಸು ಬದಲಿಸಬೇಕು. ಚಿಕ್ಕ ಚರ್ಚು, ಪಕ್ಕದಲ್ಲಿ ಶೀಟು ಹೊದಿಸಿದ ಸಭಾಂಗಣ. ಗೋಪುರದ ವೈಭವವೇನೂ ಇಲ್ಲ. ಆದರೆ ಪ್ರತಿ ಭಾನುವಾರ ಎಂಟೂವರೆಗೆ ಕನ್ನಡ ಪೂಜೆ. ಒಂದು ಭಾನುವಾರ ಎಲ್ಲರೂ ಹೊರಟರು. ಅಲ್ಲಿ ಏನಾಯಿತೆಂದು ಸೊಸೆ ಹೇಳಿದ್ದನ್ನೇ ಹೇಳುತ್ತೇನೆ.

ಸ್ವಾಮಿಗಳು ಕನ್ನಡದಲ್ಲಿ ಜಪ ಆರಂಭಿಸಿದರು. ಜನ ಉತ್ತರ ಹೇಳಬೇಕಾದ ಕಡೆ ಅಜ್ಜಿ ಎಷ್ಟು ಜೋರಾಗಿ ಹೇಳಿದರೆಂದರೆ ಮುಂದಿನ ಎರಡು ಬೆಂಚಿನವರು ತಿರುಗಿ ನೋಡಿದರು. ಸೊಸೆಗೆ ನಾಚಿಕೆಯಾಗಿ ಸೆರಗು ಜಗ್ಗಿದರಂತೆ. ಅಜ್ಜಿ ನಿಲ್ಲಿಸಲಿಲ್ಲ. ಪೂಜೆ ಮುಗಿದ ಮೇಲೆ ಒಬ್ಬ ಹೆಂಗಸು ಹತ್ತಿರ ಬಂದು "ಯಾವೂರಮ್ಮಾ?" ಎಂದು ಕೇಳಿದರು. ಆರು ವರ್ಷ ಹೋದ ದೊಡ್ಡ ಚರ್ಚಿನಲ್ಲಿ ಆ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ.

ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಎಂದು ನಾನು ಬಣ್ಣ ಕಟ್ಟಲಾರೆ. ದೊಡ್ಡ ಮೊಮ್ಮಗಳು ಗೆಳತಿಯರನ್ನು ಬಿಟ್ಟು ಬಂದೆನೆಂದು ಎರಡು ತಿಂಗಳು ಮುಖ ಊದಿಸಿಕೊಂಡಿದ್ದಳು. ಬಸ್ಸಿನ ಖರ್ಚು ಭಾರವಾಯಿತು. ಹೊಸ ಚರ್ಚಿನಲ್ಲಿಯೂ ಮೊದಮೊದಲು ಇವರು ಹಿಂದಿನ ಬೆಂಚಿನವರೇ. ಹಳಬರ ಗುಂಪಿನಲ್ಲಿ ಹೊಸಬರಿಗೆ ಜಾಗ ಸಿಗಲು ಎಲ್ಲಿಯಾದರೂ ಸಮಯ ಬೇಕು. ಆದರೆ ಒಂದೊಂದೇ ಎಳೆ ಕೂಡಿಕೊಂಡಿತು. ಸೊಸೆಯನ್ನು ಒಂದು ಭಾನುವಾರ ಪೀಠದ ಬಳಿ ಕರೆದು ಬೈಬಲಿನ ವಾಚನ ಮಾಡಿಸಿದರು. ಹತ್ತನೇ ಕ್ಲಾಸಿನ ನಂತರ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿದ್ದು ಅದೇ ಮೊದಲು ಎಂದರು ಆಕೆ. ಮಗ ಹಬ್ಬದ ದಿನ ತೇರಿಗೆ ಹೆಗಲು ಕೊಟ್ಟ. ಅಜ್ಜಿ ಪಾಪನಿವೇದನೆ ಮಾಡಿ ಬಂದರು. ಮೊಮ್ಮಗಳು ಜ್ಞಾನೋಪದೇಶವನ್ನು ಕನ್ನಡದಲ್ಲಿ ಮೊದಲಿಂದ ಕಲಿತಳು. ಈಗ ಜಪಸರದ ಉಳಿದರ್ಧ ಹೇಳುವುದು ಅವಳೇ.

2024ರಲ್ಲಿ ಆ ಹುಡುಗಿಗೆ ಪ್ರಥಮ ಪರಮಪ್ರಸಾದ. ಅಪ್ಪ ಮತ್ತೆ ನನ್ನ ಅಚ್ಚುಕೂಟಕ್ಕೆ ಬಂದರು. ಈ ಸಲ ಬರಹ ಕನ್ನಡದಲ್ಲಿತ್ತು. ಮುನ್ನೂರು ಪ್ರತಿ. "ಅಕ್ಷರ ದೊಡ್ಡದಾಗಿ ಹಾಕಿ ಸಾರ್, ಅಮ್ಮ ಓದಬೇಕು" ಎಂದರು.

ಮೊದಲ ಸಲ ಅಜ್ಜಿ ಕಳೆದುಕೊಂಡಿದ್ದು ಗೋಡೆ. ಬಾಯಿ ಉಳಿದಿತ್ತು. ಆದ್ದರಿಂದ ಚಪ್ಪರವೇ ಮನೆಯಾಯಿತು. ಎರಡನೆಯ ಸಲ ಒಳ್ಳೆಯ ಗೋಡೆ ಸಿಕ್ಕಿತು, ಬಾಯಿ ಹೋಯಿತು. ಆದ್ದರಿಂದ ಆರು ವರ್ಷ ಕಳೆದರೂ ಅದು ಮನೆಯಾಗಲಿಲ್ಲ. ನಾನು ಇವತ್ತು ಹೇಳಬೇಕಾದ ಮಾತು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಹೀಗಾಗಿದ್ದು ಏಕೆ?

ಸಿಟ್ಟು ಮಾಡಿಕೊಳ್ಳುವ ಮೊದಲು ಕಾರಣ ತಿಳಿಯೋಣ. 1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಪ್ರದೇಶ ಕಟ್ಟಿದರು. ಮದರಾಸು ಸೈನ್ಯದ ಜೊತೆ ತಮಿಳು ಸಿಪಾಯಿಗಳು, ಕೆಲಸಗಾರರು, ವ್ಯಾಪಾರಿಗಳು ಬಂದು ನೆಲೆಸಿದರು. ದಂಡಿನ ಚರ್ಚುಗಳಲ್ಲಿ ಇಂಗ್ಲಿಷ್, ತಮಿಳು ಬೇರೂರಿದವು. ಮುಂದೆ ಮಂಗಳೂರು ಕಡೆಯಿಂದ ಕೊಂಕಣಿಯವರು, ಕೇರಳದಿಂದ ಮಲಯಾಳಿಗಳು ಬಂದರು. ಕನ್ನಡ ಕ್ರೈಸ್ತರು ಸುತ್ತಲ ಹಳ್ಳಿಗಳಲ್ಲಿ ಇದ್ದರು. ಹಳ್ಳಿಯವರಿಗೆ ಪಟ್ಟಣದ ಸಭೆಗಳಲ್ಲಿ ದನಿ ಎಲ್ಲಿಂದ ಬರಬೇಕು?

ಆಗೆಲ್ಲ ಕಥೋಲಿಕ ಪೂಜೆ ನಡೆಯುತ್ತಿದ್ದುದು ಲ್ಯಾಟಿನ್ ಭಾಷೆಯಲ್ಲಿ. ಅದು ಯಾರ ಮನೆಯ ಮಾತೂ ಅಲ್ಲ, ಆದ್ದರಿಂದ ಜಗಳವೂ ಇರಲಿಲ್ಲ. 1962ರಿಂದ 1965ರವರೆಗೆ ರೋಮಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ನಡೆಯಿತು. ಪೂಜಾವಿಧಿಯಲ್ಲಿ ಜನರಾಡುವ ಭಾಷೆಗೆ ಎಡೆ ಕೊಡಬಹುದೆಂದು 1963ರ ಡಿಸೆಂಬರ್ 4ರಂದು ಆ ಸಭೆ ಬಾಗಿಲು ತೆರೆಯಿತು. ಜನರ ಭಾಷೆ ಎಂದ ಕೂಡಲೇ ಬೆಂಗಳೂರಿನಲ್ಲಿ ಯಾವ ಜನರ ಭಾಷೆ ಎಂಬ ಪ್ರಶ್ನೆ ಎದ್ದಿತು. ಮುಂದಿನ ಬೆಂಚಿನಲ್ಲಿ ಕುಳಿತವರ ಭಾಷೆ ಮುಂದಕ್ಕೆ ಬಂದಿತು. ಹಿಂದಿನ ಬೆಂಚಿನವರದು ಹಿಂದೆ ಉಳಿಯಿತು.

ರೋಮ್ ಕೊಟ್ಟ ಹಕ್ಕನ್ನು ಕನ್ನಡಿಗನಿಗೆ ಅವನ ರಾಜಧಾನಿಯಲ್ಲೇ ತಡೆದರೆ ಅದು ಯಾವ ನ್ಯಾಯ?

ಕನ್ನಡ ಚರ್ಚಿಗೆ ಹೊಸ ನೆಂಟನಲ್ಲ

"ಚರ್ಚಿಗೂ ಕನ್ನಡಕ್ಕೂ ಏನು ಸಂಬಂಧ?" ಎನ್ನುವವರು ಎರಡೂ ಕಡೆ ಇದ್ದಾರೆ. ಅಚ್ಚುಕೂಟದವನಾಗಿ ಇದಕ್ಕೆ ನಾನೇ ಉತ್ತರ ಕೊಡಬೇಕು.

17ನೇ ಶತಮಾನದ ನಡುಭಾಗದಲ್ಲಿಯೇ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು ಕನ್ನಡದಲ್ಲಿಯೇ ಧರ್ಮಬೋಧೆ ಬರೆದರು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಎಂಬ ಮಿಷನರಿ ವರ್ಷಗಟ್ಟಲೆ ದುಡಿದು ಬೈಬಲನ್ನು ಕನ್ನಡಕ್ಕೆ ತಂದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರ ಜುಲೈ 1ರಂದು ಹೊರಡಿಸಿದವರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. ನೀವು ಕೈಯಲ್ಲಿ ಹಿಡಿದಿರುವ ಈ ಪತ್ರಿಕೆಗೂ ಅದೇ ಮುತ್ತಜ್ಜ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಲ್ಲಿ ಕಿಟೆಲ್ ನಿಘಂಟು ಹೊರಬಂದಿತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಅಚ್ಚುಮೊಳೆ ಒಂದೊಂದಾಗಿ ಕೈಯಲ್ಲಿ ಜೋಡಿಸಿ, ಒತ್ತಕ್ಷರ ತಪ್ಪದಂತೆ ಸಾವಿರದ ಏಳುನೂರು ಪುಟ ದಾಟುವ ಪುಸ್ತಕ ಮಾಡುವುದೆಂದರೆ ಏನೆಂದು ಮೊಳೆ ಹಿಡಿದ ಬೆರಳಿಗೆ ಗೊತ್ತು.

ಇವರೆಲ್ಲ ಹೊರಗಿನಿಂದ ಬಂದವರು ಎನ್ನುವಿರಾ? ನಮ್ಮ ಮಣ್ಣಿನವರನ್ನೇ ತೆಗೆದುಕೊಳ್ಳಿ. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದವರು ಉತ್ತಂಗಿ ಚೆನ್ನಪ್ಪನವರು, ಒಬ್ಬ ಕ್ರೈಸ್ತ ಪಾದ್ರಿ. 1949ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮುಳುಗಡೆಯವರ ಸಂಕಟವನ್ನು ಕಾದಂಬರಿಗಳಲ್ಲಿ ಬರೆದ ಸಾಗರದ ನಾ. ಡಿಸೋಜ 2014ರಲ್ಲಿ ಮಡಿಕೇರಿ ಸಮ್ಮೇಳನದ ಅಧ್ಯಕ್ಷರಾಗಿದ್ದರು. 2025ರ ಜನವರಿಯಲ್ಲಿ ನಮ್ಮನ್ನು ಅಗಲಿದರು. ಬೆಂಗಳೂರಿನಲ್ಲಿ ಕಾರ್ಪೊರೇಷನ್ ಕಟ್ಟಡದ ಎದುರಿನ ಹಡ್ಸನ್ ವೃತ್ತದಲ್ಲಿ ನಾವು ಎಷ್ಟು ವರ್ಷ ಕನ್ನಡದ ಘೋಷಣೆ ಕೂಗಿಲ್ಲ? ಆ ವೃತ್ತಕ್ಕೆ ಹೆಸರು ಬಂದಿದ್ದು ಅಲ್ಲಿರುವ 1904ರ ಹಡ್ಸನ್ ಸ್ಮಾರಕ ಚರ್ಚಿನಿಂದ. ಅದು ಕನ್ನಡದಲ್ಲಿ ಆರಾಧನೆ ನಡೆಯುವ ಪ್ರೊಟೆಸ್ಟೆಂಟ್ ಚರ್ಚು. ನಾವು ಹೊರಗೆ ಕನ್ನಡಕ್ಕಾಗಿ ಕೂಗುತ್ತಿದ್ದಾಗ ಒಳಗೆ ಕನ್ನಡದಲ್ಲಿ ಹಾಡುತ್ತಿದ್ದರು.

ನಮ್ಮ ಹಕ್ಕೊತ್ತಾಯ

ಚರ್ಚಿನ ಹಿರಿಯರಲ್ಲಿ, ಧರ್ಮಾಧ್ಯಕ್ಷರಲ್ಲಿ ಕೈಮುಗಿದು ಕೇಳುತ್ತೇನೆ. ಕೈಮುಗಿದು ಕೇಳಿದರೂ ಇದು ಭಿಕ್ಷೆಯಲ್ಲ, ಹಕ್ಕು.

ಒಂದು: ಕರ್ನಾಟಕದ ಪ್ರತಿ ಧರ್ಮಕೇಂದ್ರದಲ್ಲಿ ಪ್ರತಿ ಭಾನುವಾರ ಒಂದಾದರೂ ಕನ್ನಡ ಪೂಜೆ ಇರಲಿ. ಅದು ಮಕ್ಕಳು ಮುದುಕರು ಬರಬಹುದಾದ ಹೊತ್ತಿನಲ್ಲಿ ಇರಲಿ.

ಎರಡು: ಜ್ಞಾನೋಪದೇಶದ ತರಗತಿ ಕನ್ನಡದಲ್ಲಿಯೂ ನಡೆಯಲಿ. ಪೂಜೆ ಉಳಿಸಿ ತರಗತಿ ಬಿಟ್ಟರೆ ಮುಂದಿನ ತಲೆಮಾರಿಗೆ ಆ ಪೂಜೆಗೆ ಬರುವವರೇ ಇರುವುದಿಲ್ಲ.

ಮೂರು: ಈ ನಾಡಿನಲ್ಲಿ ಸೇವೆಗೆ ಬರುವ ಪ್ರತಿ ಪಾದ್ರಿ, ಪ್ರತಿ ಕನ್ಯಾಸ್ತ್ರೀ ಒಬ್ಬ ಅಜ್ಜಿಯ ಮಾತು ಕೇಳಿ ಉತ್ತರಿಸುವಷ್ಟು ಕನ್ನಡ ಕಲಿಯಲಿ. ಇಟಲಿಯಿಂದ, ಜರ್ಮನಿಯಿಂದ ಬಂದವರು ಕಲಿತಿದ್ದಾರೆ. ಪಕ್ಕದ ರಾಜ್ಯದಿಂದ ಬಂದವರಿಗೆ ಆಗದೆ?

ನಾಲ್ಕು: ಚರ್ಚಿನ ಪ್ರಕಟಣೆ, ರಸೀದಿ, ಹಬ್ಬದ ಕರಪತ್ರಗಳಲ್ಲಿ ಕನ್ನಡ ಮೊದಲು ಬರಲಿ.

ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತೇನೆ. ತಮಿಳು ಪೂಜೆ ನಿಲ್ಲಿಸಿ, ಕೊಂಕಣಿ ಪೂಜೆ ನಿಲ್ಲಿಸಿ ಎಂದು ನಾನು ಕೇಳುವುದಿಲ್ಲ. ಅಲ್ಲಿಯೂ ಒಬ್ಬ ಅಜ್ಜಿ ಇರುತ್ತಾರೆ. ಇನ್ನೊಬ್ಬರ ಅಜ್ಜಿಯ ಬಾಯಿ ಕಟ್ಟಿ ನಮ್ಮ ಅಜ್ಜಿಯ ಬಾಯಿ ಬಿಡಿಸುವುದು ಕನ್ನಡದ ಅಭಿಮಾನವಲ್ಲ. ಆದರೆ ನಾಲ್ಕು ಭಾಷೆಗೆ ಹಾಸುವ ಚಾಪೆಯಲ್ಲಿ ಮನೆಯ ಮಗಳಿಗೆ ಮಾತ್ರ ಜಾಗವಿಲ್ಲ ಎಂದರೆ ಸುಮ್ಮನಿರುವುದು ಹೇಗೆ?

ಕನ್ನಡ ಕ್ರೈಸ್ತರೇ, ನಿಮಗೊಂದು ಮಾತು

ಹಕ್ಕು ಕೇಳಿ ಪಡೆದ ಪೂಜೆಗೆ ನೀವೇ ಹೋಗದಿದ್ದರೆ? ಖಾಲಿ ಬೆಂಚು ತೋರಿಸಿ "ಎಲ್ಲಿದ್ದಾರೆ ನಿಮ್ಮ ಕನ್ನಡದವರು?" ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? ನಾಲ್ಕು ಕಾಸು ಕೂಡಿದ ಕೂಡಲೇ ಇಂಗ್ಲಿಷ್ ಪೂಜೆಗೆ ಹೋಗಿ ಕೂರುವುದು ದೊಡ್ಡಸ್ತಿಕೆ ಎಂದು ತಿಳಿದವರು ನಿಮ್ಮಲ್ಲಿಯೂ ಇದ್ದಾರೆ, ನಮ್ಮಲ್ಲಿಯೂ ಇದ್ದಾರೆ. ನನ್ನ ಆರ್ಡರ್ ಪುಸ್ತಕ ತೆಗೆದು ನೋಡಿದರೆ ಸಾಕು. ಮದುವೆ ಕರೆಯೋಲೆಯಲ್ಲಿ ಕನ್ನಡ ಬಿಡುವವರಲ್ಲಿ ಎಲ್ಲ ಧರ್ಮದವರೂ ಸಿಗುತ್ತಾರೆ. ಹೊಸದಾಗಿ ಬಂದ ಸಂಸಾರವನ್ನು ಕಂಡರೆ "ಯಾವೂರು?" ಎಂದು ಕೇಳಿ. ಓದಲು ಬರುವ ಹೆಂಗಸಿಗೆ ವಾಚನ ಕೊಡಿ. ಹುಡುಗರಿಗೆ ಹಾಡಲು ಬಿಡಿ. ಕನ್ನಡದ ಸಂಘ ಹಳಬರ ಕುರ್ಚಿಯಾದರೆ ಅದೂ ಒಂದು ಮುಚ್ಚಿದ ಬಾಗಿಲು.

ಕನ್ನಡ ಹೋರಾಟದ ಗೆಳೆಯರೇ, ನಿಮಗೂ ಒಂದು ಮಾತು

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಸುಮಾರು ಹನ್ನೊಂದು ಲಕ್ಷ, ಎಂದರೆ ನೂರಕ್ಕೆ ಇಬ್ಬರಿಗೂ ಕಡಿಮೆ. ಕನ್ನಡಕ್ಕಾಗಿ ತಮ್ಮ ಚರ್ಚಿನೊಳಗೆ ದನಿ ಎತ್ತುವ ಕ್ರೈಸ್ತ ಎರಡು ಕಡೆ ಒಂಟಿ. ಒಳಗೆ ಅವನನ್ನು ಗಲಾಟೆಯವನು ಎನ್ನುತ್ತಾರೆ. ಹೊರಗೆ ನಮ್ಮಲ್ಲಿ ಕೆಲವರು ಅವನ ಹೆಸರು ಕೇಳಿದೊಡನೆ ಹೊರಗಿನವನು ಎನ್ನುತ್ತಾರೆ. ಇದು ಅನ್ಯಾಯ. ಹೆಸರು ಅಂತೋಣಪ್ಪ ಆಗಿರಲಿ, ಮರಿಯಮ್ಮ ಆಗಿರಲಿ, ಬಾಯಿ ಬಿಟ್ಟರೆ ಕನ್ನಡ ಬರುತ್ತದಲ್ಲ! ಅದಕ್ಕಿಂತ ದೊಡ್ಡ ಗುರುತಿನ ಚೀಟಿ ಯಾವುದು?

ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂದಿತು. ಸಂತೋಷ. ಅದಕ್ಕಾಗಿ ಬೀದಿಗಿಳಿದವರಿಗೆ ನಮಸ್ಕಾರ. ಆದರೆ ಬೋರ್ಡು ಬಾಗಿಲ ಹೊರಗಿನದು. ಒಳಗೆ ಏನಿದೆ ಎಂದು ನೋಡಲು ಒಳಗೆ ಹೋಗಬೇಕು. ಬಣ್ಣದ ಡಬ್ಬ ಹಿಡಿದು ಅಲ್ಲ, ಬಂಧುಗಳಾಗಿ. ನಿಮ್ಮ ಬಡಾವಣೆಯ ಚರ್ಚಿನಲ್ಲಿ ಕನ್ನಡ ಪೂಜೆ ಎಷ್ಟು ಹೊತ್ತಿಗೆ ಎಂದು ಈ ಭಾನುವಾರವೇ ವಿಚಾರಿಸಿ. ಇದ್ದರೆ ನಿಮಗೆ ಪರಿಚಯದ ಕನ್ನಡ ಕ್ರೈಸ್ತ ಮನೆಗೆ ತಿಳಿಸಿ. ಇಲ್ಲದಿದ್ದರೆ ಅವರ ಜೊತೆ ಹೋಗಿ, ವಿನಯದಿಂದ ಕೇಳಿ, ಕೊಡುವವರೆಗೆ ಕೇಳಿ. ಮನವಿ ಪತ್ರ ಬೇಕಾದರೆ ನನ್ನ ಬಳಿ ಬನ್ನಿ, ಅಚ್ಚು ಹಾಕುವ ಕೂಲಿ ಬೇಡ.

ದೇವರಿಗೆ ಎಲ್ಲ ಭಾಷೆಯೂ ಬರುತ್ತದೆ ಎನ್ನುತ್ತಾರೆ. ಬರಲಿ. ಮನುಷ್ಯರಿಗೆ ಬರುವುದು ತಾಯಿ ಕಲಿಸಿದ ಒಂದೋ ಎರಡೋ. ಆ ಒಂದನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಬನ್ನಿ ಎನ್ನುವ ಹಕ್ಕು ಯಾವ ಗುಡಿಗೂ ಇಲ್ಲ, ಯಾವ ಮಸೀದಿಗೂ ಇಲ್ಲ, ಯಾವ ಚರ್ಚಿಗೂ ಇಲ್ಲ.

ಕನ್ನಡ ಬಾಳಲಿ, ಕನ್ನಡಿಗರು ಒಂದಾಗಲಿ.